ಲೊಲೋಹೆಯಾ ಅತ್ತೆ ಕೇಳಿದ ಕಹಳೆ

ಲೊಲೋಹೆಯಾ ಯಾರು ಏನೆಂದರೂ ತಡೆದುಕೊಳ್ಳುತ್ತಿದ್ದಳು, ಒಂದು ಮಾತು ಬಿಟ್ಟು: "ಅವನು ಇರೋದೇ ಹಾಗಲ್ವಾ?" ಅವನು ಎಂದರೆ ಅವಳ ತಮ್ಮ ತಾನಿಯೆಲಾನ ಮಗ ಲೊಪೇತಿ. ಇಪ್ಪತ್ತು ದಾಟಿದ ಹುಡುಗ. ಹುಟ್ಟಿದಾಗಲೇ ಡೌನ್ ಸಿಂಡ್ರೋಮ್ ಎಂದು ಗೊತ್ತಾಗಿತ್ತು. ಅಂದಿನಿಂದ ಟೋಂಗಾದ ಈ ಲಿಫುಕಾ ದ್ವೀಪದ ಜನ ಅವನ ಕೆಮ್ಮು, ನೆಗಡಿ, ಕಾಲಿಗೆ ಮುಳ್ಳು ಚುಚ್ಚಿದ್ದು ಎಲ್ಲವನ್ನೂ ಅದೊಂದೇ ಗೂಟಕ್ಕೆ ನೇತುಹಾಕುತ್ತ ಬಂದಿದ್ದರು.

ಈ ವರ್ಷ ಅವನ ಬಲಗೈ ಆಗಾಗ ಸೋಲತೊಡಗಿತು. ಭಾನುವಾರ ಚರ್ಚು ಮುಗಿಸಿ ಬಂದು, ಮಣ್ಣಿನೊಲೆಯಲ್ಲಿ ಬೆಂದ ಕೆಸುವಿನ ಗೆಡ್ಡೆ ಬಡಿಸಿಕೊಂಡು ಕೂತರೆ ತುತ್ತು ಬಾಯಿ ಮುಟ್ಟುವ ಮೊದಲೇ ಕೆಳಗೆ. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಸರಿಹೋಗುತ್ತಿತ್ತು.

"ಸೋಮಾರಿ ಆಗ್ತಿದಾನೆ, ಅಕ್ಕಾ," ಎಂದ ತಾನಿಯೆಲಾ.

"ಊಟದ ಹೊತ್ತಿಗೆ ಯಾವನೋ ಸೋಮಾರಿ ಆಗ್ತಾನೆ? ಕೆಲಸದ ಹೊತ್ತಿಗೆ ಆಗ್ತಾನೆ, ನಿನ್ನ ಹಾಗೆ!"

ದ್ವೀಪದ ಆಸ್ಪತ್ರೆಗೆ ಕರೆದೊಯ್ದರೆ ಅಲ್ಲಿಯೂ ಅದೇ ರಾಗ. "ಇಂಥ ಮಕ್ಕಳಿಗೆ ಮೈ ಸಡಿಲ ಅಮ್ಮಾ. ಅವರು ಇರೋದೇ ಹಾಗಲ್ವಾ?" ಲೊಲೋಹೆಯಾಳಿಗೆ ಮೈ ಪರಚಿಕೊಳ್ಳುವಂತಾಯಿತು. ಕೈ ಸೋಲುವುದು ಬ್ಯಾಂಡಿನ ದಿನ ಮಾತ್ರ ಎನ್ನುವುದು ಅವಳೊಬ್ಬಳ ಕಣ್ಣಿಗೆ ಬಿದ್ದಿತ್ತು. ಚರ್ಚಿನ ಬ್ಯಾಂಡಿನಲ್ಲಿ ಲೊಪೇತಿ ಕಹಳೆ ಊದುತ್ತಿದ್ದ. ಅವನ ಅಜ್ಜ ಸಾಯುವ ಮುಂಚೆ ಅವನ ಕೈಗೇ ಕೊಟ್ಟು ಹೋದ ಕಹಳೆ ಅದು. ಅವನ ಹೆಸರಿನಲ್ಲಿದ್ದ ಆಸ್ತಿ ಅಂದರೂ ಅದೇ, ಪ್ರಾಣ ಅಂದರೂ ಅದೇ.

ರಾಜಧಾನಿಗೆ ಹೊರದೇಶದ ಮಿದುಳಿನ ಡಾಕ್ಟರು ಬಂದಿದ್ದಾರೆಂದು ರೇಡಿಯೊದಲ್ಲಿ ಕೇಳಿದವಳೇ ಯಾರಿಗೂ ಹೇಳದೆ ಹುಡುಗನನ್ನು ಹಡಗು ಹತ್ತಿಸಿದಳು. ಆ ಡಾಕ್ಟರಮ್ಮ ಅವಳ ಮಾತನ್ನು ಪೂರ್ತಿ ಕೇಳಿದರು. ಅಷ್ಟಕ್ಕೇ ಲೊಲೋಹೆಯಾಳ ಅರ್ಧ ಸಿಟ್ಟು ಇಳಿಯಿತು. ಸ್ಕ್ಯಾನ್ ಮಾಡಿಸಿ ಡಾಕ್ಟರಮ್ಮ ಹೇಳಿದರು: "ಮಿದುಳಿಗೆ ಹೋಗೋ ರಕ್ತನಾಳ ಬುಡದಲ್ಲೇ ಕಿರಿದಾಗ್ತಿದೆ. ಮೋಯಾಮೋಯಾ ಅಂತಾರೆ. ತುಂಬ ಅಪರೂಪ. ಡೌನ್ ಇರೋರಲ್ಲಿ ಮಾತ್ರ ಸ್ವಲ್ಪ ಜಾಸ್ತಿ. ಜೋರಾಗಿ ಉಸಿರು ಬಿಟ್ಟಾಗೆಲ್ಲ ರಕ್ತ ಇನ್ನೂ ಕಮ್ಮಿಯಾಗತ್ತೆ. ನ್ಯೂಜಿಲೆಂಡಿನಲ್ಲಿ ಆಪರೇಷನ್ನಿಗೆ ನಾನು ಬರೀತೀನಿ. ಅಲ್ಲೀವರೆಗೆ ಊದಬಾರದು, ಬಿಕ್ಕಿ ಬಿಕ್ಕಿ ಅಳಬಾರದು. ಇಲ್ಲಾಂದ್ರೆ ಒಂದಿನ ಸೋತ ಕೈ ಮತ್ತೆ ಬರಲ್ಲ."

"ಚೆನ್ನಾಗಿದೆ! ಕಹಳೆ ಕಿತ್ಕೊಂಡ್ರೆ ಅಳ್ತಾನೆ. ಅಳಬಾರದು ಅಂತ ಕೊಟ್ರೆ ಊದ್ತಾನೆ. ಇದಕ್ಕೊಂದು ಔಷಧಿ ಬರೀರಿ, ನೋಡೋಣ!"

ಡಾಕ್ಟರಮ್ಮ ಆಸ್ಪಿರಿನ್ ಬರೆದರು.

ಊರಿಗೆ ಮರಳಿ ವಿಷಯ ಹೇಳಿದ್ದೇ ತಡ, ತಾನಿಯೆಲಾ ತನ್ನ ಬುದ್ಧಿ ಓಡಿಸಿ ಕಹಳೆಯನ್ನು ಚಾಪೆಗಳ ಅಡಿಯಲ್ಲಿ ಬಚ್ಚಿಟ್ಟ. ಲೊಪೇತಿ ಮನೆಯೆಲ್ಲ ಹುಡುಕಿದ, ಆಮೇಲೆ ನೆಲಕ್ಕೆ ಕೂತು ಅಳತೊಡಗಿದ. ಅಳುತ್ತಳುತ್ತಲೇ ಕೈ ಜೋತುಬಿತ್ತು, ಬಾಯಿ ಸೊಟ್ಟಗಾಯಿತು, ಮಾತು ತೊದಲಿತು. ಲೊಲೋಹೆಯಾಳಿಗೆ ಜೀವ ಬಾಯಿಗೆ ಬಂತು. ಕಹಳೆಯನ್ನು ತಾನೇ ಎಳೆದು ತಂದು ಅವನ ಮಡಿಲಿಗಿಟ್ಟಳು. ಸಂಜೆಯ ಹೊತ್ತಿಗೆ ಬಾಯಿ ನೆಟ್ಟಗಾಯಿತು. ಇನ್ನೊಂದು ಸಲ ಹೀಗಾದರೆ ನೆಟ್ಟಗಾಗುತ್ತದೆ ಎಂದು ಯಾವ ಭರವಸೆ? ಬಿಸಿತುಪ್ಪ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಶನಿವಾರ ಮಧ್ಯಾಹ್ನ ಅವಳು ಮದುವೆಗೆ ಹೋಗುವವಳ ಹಾಗೆ, ನಮ್ಮ ಮರ್ಯಾದೆಯ ಉಡುಗೆಯಾದ ಒಳ್ಳೆಯ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ತಮ್ಮನ ಮನೆಗೆ ಬಂದು ಹಿರಿಯರ ಜಾಗದಲ್ಲಿ ಕೂತಳು. ನಮ್ಮಲ್ಲಿ ಸೋದರತ್ತೆಯ ಮಾತಿಗೆ ಎದುರಿಲ್ಲ. ಅವಳು ಬಾಯಿಬಿಟ್ಟು ಕೇಳಿದ್ದನ್ನು, ಹಂದಿಯಾಗಲಿ ಹೆಣೆದ ಚಾಪೆಯಾಗಲಿ, ಕೊಡುವವನು ಹೆಮ್ಮೆಯಿಂದ ಕೊಡುತ್ತಾನೆ. ಲೊಲೋಹೆಯಾ ಈ ಹಕ್ಕಿನಿಂದ ಇದುವರೆಗೆ ಒಂದು ಹಂದಿಮರಿಯನ್ನೂ ಕೇಳಿದವಳಲ್ಲ.

"ಲೊಪೇತಿ, ನಿನ್ನ ಅತ್ತೆ ಕೇಳ್ತಿದೀನಿ. ಆ ಕಹಳೆ ನಂಗೆ ಬೇಕು."

ತಾನಿಯೆಲಾ ಬಾಯಿ ಬಿಟ್ಟುಕೊಂಡು ನೋಡಿದ. ಲೊಪೇತಿಯ ಕಣ್ಣು ಅಗಲವಾಯಿತು. ಎಲ್ಲಿ ಅಳುತ್ತಾನೋ ಎಂದು ಅವಳು ಅವನ ತುಟಿಯನ್ನೇ ನೋಡಿದಳು. ಆದರೆ ಹುಟ್ಟಿದಾಗಿನಿಂದ ಅವನಿಗೆ ಕೊಟ್ಟವರಿದ್ದರು, ಅವನಿಂದ ಕಿತ್ತುಕೊಂಡವರಿದ್ದರು. ಅವನನ್ನು ಕೇಳಿದವರು ಒಬ್ಬರೂ ಇರಲಿಲ್ಲ. ಹುಡುಗ ಎದ್ದು ಒಳಗೆ ಹೋದ. ಕಹಳೆಯನ್ನು ಅಂಗಿಯಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಮುಂದಿಟ್ಟ. ಮುಖ ಬೆಳಗುತ್ತಿತ್ತು.

"ತಗೋ ಅತ್ತೆ. ನಂದು ಇದು. ನಾನೇ ಕೊಟ್ಟಿದ್ದು." ಎರಡು ಹೆಜ್ಜೆ ಹೋದವನು ತಿರುಗಿ ನಿಂತ. "ಆದ್ರೆ ನನ್ನ ಜಾಗ ಖಾಲಿ ಬಿಡಂಗಿಲ್ಲ. ನಾಳೆ ನೀನೇ ಊದು."

ಇದನ್ನು ಮಾತ್ರ ಲೊಲೋಹೆಯಾ ಯೋಚಿಸಿರಲಿಲ್ಲ.

ಭಾನುವಾರ, ಅರವತ್ತು ದಾಟಿದ ಹೆಂಗಸು ಬ್ಯಾಂಡಿನ ನಡುವೆ ನಿಂತು ಊದಿದಳು. ಮೊದಲು ಬರೀ ಗಾಳಿ ಬಂತು. ಆಮೇಲೆ ಬಂದದ್ದಕ್ಕೆ ಚರ್ಚಿನ ಹಿಂದಿನ ನಾಯಿಗಳೆಲ್ಲ ಎದ್ದವು. ಬ್ಯಾಂಡಿನ ಮೇಷ್ಟ್ರು ಇಸಿಲೇಲಿ ಕೋಲು ಕೆಳಗಿಳಿಸಿದ.

"ಕಹಳೇನೇ ಸರಿಯಿಲ್ಲ," ಎಂದಳು ಅವಳು.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ! ಲೊಪೇತಿ ಕೈಲಿ ಚೆನ್ನಾಗೇ ಹಾಡ್ತಿತ್ತಲ್ಲಮ್ಮಾ?"

ಬ್ಯಾಂಡಿನವರೆಲ್ಲ ಗೊಳ್ಳೆಂದು ನಕ್ಕರು. ಪಕ್ಕದಲ್ಲಿ ಬಲಗೈಯಲ್ಲಿ ಹಾಡಿನ ಹಾಳೆ ಹಿಡಿದು ನಿಂತಿದ್ದ ಲೊಪೇತಿಗೆ ರೇಗಿಹೋಯಿತು.

"ಯಾರೂ ನಗಬೇಡ್ರಿ!" ಎಂದ. "ಅತ್ತೆ ಇರೋದೇ ಹಾಗೆ."

ಆ ಮಾತು ಕೇಳಿದರೆ ಉರಿದುಬೀಳುತ್ತಿದ್ದ ಲೊಲೋಹೆಯಾ ಅಂದು ಕಹಳೆಯನ್ನು ತುಟಿಗೆ ಏರಿಸಿದಳು. ಹಾಳೆ ಹಿಡಿದ ಅವನ ಕೈಯನ್ನೇ ನೋಡುತ್ತ ಮತ್ತೆ ಊದಿದಳು.