ನಾಲ್ಕು ಬೆರಳು ಗುಂಗುರು
ಗುಂಗುರು ಕೂದಲಿನವರು ಬಂದು ಕೂತರೆ ಪಾರ್ಲರ್ ಅಕ್ಕ, "ಸ್ಟ್ರೈಟ್ನಿಂಗ್ ಮಾಡಿಸ್ಕೊಂಡ್ಬಿಡಿ, ಸಿಕ್ಕು ಬಿಡಿಸೋ ಗೋಳೇ ಇರಲ್ಲ" ಎನ್ನುತ್ತಾಳೆ. ಮಾಡಿಸಿಕೊಂಡವರು ಬಂದರೆ, "ಅಯ್ಯೋ, ಹುಟ್ಟಿದ ಕೂದಲನ್ನ ಹಾಗೇ ಬಿಡಬಾರ್ದಿತ್ತಾ" ಎಂದು ಲೊಚಗುಟ್ಟುತ್ತಾಳೆ. ಎರಡನ್ನೂ ಮನಸಾರೆ ಹೇಳುತ್ತಾಳೆ, ಅದೇ ತೊಂದರೆ. ಅವಳ ತಲೆಯೇ ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ: ಬುಡದಿಂದ ನಾಲ್ಕು ಬೆರಳು ಹೊಸ ಗುಂಗುರು, ಅಲ್ಲಿಂದ ಸೊಂಟದವರೆಗೆ ಕೆಮಿಕಲ್ ಹಾಕಿಸಿದ ನೇರ. ಮೇಲಿನದನ್ನು ಒದ್ದೆಯಿರುವಾಗಲೇ ಬಾಚಬೇಕು, ಕೆಳಗಿನದನ್ನು ಒದ್ದೆಯಲ್ಲಿ ಮುಟ್ಟಿದರೆ ತುಂಡಾಗುತ್ತದೆ. ಅದು ಎಣ್ಣೆ ಬೇಡುತ್ತದೆ, ಇದು ಎಣ್ಣೆ ಕಂಡರೆ ಜೋತುಬೀಳುತ್ತದೆ. ಎರಡು ಶಾಂಪೂ ಬಾಟಲಿಗೆ ಕೆಂಪು, ಹಸಿರು ರಬ್ಬರ್ ಬ್ಯಾಂಡ್ ಸುತ್ತಿದ್ದಾಳೆ. ಯಾವ ಬಣ್ಣ ಯಾವುದಕ್ಕೆಂದು ಪ್ರತಿ ಭಾನುವಾರ ಮರೆತು, ಬಚ್ಚಲಲ್ಲಿ ತನ್ನನ್ನೇ ಬೈದುಕೊಳ್ಳುತ್ತಾಳೆ. ಗಿರಾಕಿಗಳು ಯಾರಾದರೂ "ಕೆಳಗಿಂದು ಕತ್ತರಿಸಿಬಿಡಿ" ಎಂದರೆ, "ಇಷ್ಟುದ್ದ ಬೆಳೆಸಿದ್ದೀನಲ್ರೀ" ಎನ್ನುತ್ತಾಳೆ. "ಹಾಗಾದ್ರೆ ಮೇಲಿಂದಕ್ಕೂ ಕೆಮಿಕಲ್ ಹಾಕಿ" ಎಂದರೆ ಮಾತ್ರ ಫ್ಯಾನಿನ ಸ್ಪೀಡು ಕಡಿಮೆಯಾಯಿತೆಂದು ಎದ್ದು ಹೋಗುತ್ತಾಳೆ. ಹಿಂದಿನ ಕೋಣೆಯಲ್ಲಿ ಕಣ್ಣು, ಕಿವಿ ಎರಡೂ ಮಂದವಾದ ಅಮ್ಮನಿದ್ದಾಳೆ. ಮೂವರು ಹೆಣ್ಣುಮಕ್ಕಳಲ್ಲಿ ಬಂದವಳು ಯಾರೆಂದು ಅವಳು ತಿಳಿಯುವುದು ತಲೆ ಸವರಿ. ಸ್ಟ್ರೈಟ್ನಿಂಗ್ ಆದ ದಿನ ಆ ಕೈ ಬುಡದಿಂದ ತುದಿಯವರೆಗೆ ಜಾರಿತ್ತು, "ಯಾರಮ್ಮಾ ನೀವು?" ಎಂದು ಅಮ್ಮ ಕೇಳಿದ್ದಳು. ಈಗ ದಿನಾ ಊಟ ಕೊಡುವ ಮುಂಚೆ ಅಕ್ಕ ತಲೆ ಬಗ್ಗಿಸಿ ಕೂರುತ್ತಾಳೆ. "ಓ, ನಡುವಿನೋಳಾ" ಎಂದು ಅಮ್ಮ ಹೇಳುವವರೆಗೆ ಆ ಬೆರಳುಗಳನ್ನು ಬುಡದಲ್ಲೇ ಒತ್ತಿ ಹಿಡಿದಿರುತ್ತಾಳೆ, ಕೆಳಗೆ ಜಾರಗೊಡುವುದಿಲ್ಲ.