ಸೋತವರನ್ನು ಕೇಳಿ ಬಂದ ಸೋಮವಾರ

ಆಷಾಢದ ಸೋಮವಾರ, ಬೆಳಗ್ಗೆ ಏಳೂವರೆ. ತೆರಕಣಾಂಬಿ ಕಡೆಯ ನಮ್ಮೂರಿನ ಗುಡಿಯ ಜಗಲಿ. ಹಾಜರಿದ್ದವರು ಐದು ಜನ: ಊರಿನ ಹಿರಿಯ ಗೌಡರು, ಚಾಮರಾಜನಗರದ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಕೆಳಗಿನ ಕೇರಿಯಿಂದ ಒಬ್ಬರು, ಹಾಲಿನ ಡೈರಿಯವರು, ಮತ್ತು ಗುಂಡ್ಲುಪೇಟೆಯಲ್ಲಿ ಬಹುಕಾಲ ನರ್ಸ್ ಆಗಿದ್ದ ನಾನು. ಸೋಮವಾರ ನಮ್ಮಲ್ಲಿ ಆರು ಕಟ್ಟುವುದಿಲ್ಲ, ಎತ್ತಿಗೂ ನೇಗಿಲಿಗೂ ರಜೆ. ಹಾಗಾಗಿ ಸಭೆಗೆ ಅದೇ ದಿನ.

ಬದುವಿನ ಜಗಳ, ನೀರಿನ ಸರದಿ, ಅರಿಶಿನದ ಹೊಲಕ್ಕೆ ನುಗ್ಗಿದ ದನ, ಇಂಥದ್ದಕ್ಕೆಲ್ಲ ನ್ಯಾಯ ಹೇಳುವುದು ಹಿಂದಿನಿಂದಲೂ ನಮ್ಮ ಮನೆಯ ಕೆಲಸವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಕೆಲವರು ನನ್ನ ತಮ್ಮನ ಹತ್ತಿರ ಹೋದರು, ಕೆಲವರು ಬೇರೆ ಇಬ್ಬರ ಹತ್ತಿರ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪದೆ ಬೇಲಿಯ ಜಗಳವೂ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿತು. ಕೊನೆಗೆ ಒಬ್ಬರನ್ನೇ ಗೊತ್ತುಮಾಡೋಣ ಎಂದು ಊರು ತೀರ್ಮಾನಿಸಿತು. ಹೇಗೆ ಎಂದು ತೋರಿಸಿದವರು ಗುಮಾಸ್ತರು. ಕೆಲವು ದೇಶಗಳಲ್ಲಿ ಒಂದು ಸಮಿತಿ ಮೊದಲು ಯೋಗ್ಯತೆ ವಿಚಾರಿಸಿ ಕೆಲವರ ಹೆಸರು ಕೊಡುತ್ತದಂತೆ, ನ್ಯಾಯಾಧೀಶರನ್ನು ನೇಮಿಸುವವರು ಆ ಹೆಸರುಗಳೊಳಗೇ ಆರಿಸಬೇಕಂತೆ. ನಾವೂ ಹಾಗೆ ಈಗ ನ್ಯಾಯ ಹೇಳುತ್ತಿದ್ದ ಮೂವರಲ್ಲಿ ಇಬ್ಬರ ಹೆಸರು ಕೊಡುವುದು, ಊರಿನವರು ಒಬ್ಬರನ್ನು ಆರಿಸುವುದು ಎಂದಾಯಿತು. ಆ ಮೂವರಲ್ಲಿ ನನ್ನ ತಮ್ಮನೂ ಒಬ್ಬ. ಅಪ್ಪನ ಜಾಗ ತನಗೆ ಬಂದೇ ಬರುತ್ತದೆಂದು ಅವನು ಮನೆಯ ಜಗಲಿಗೆ ಹೊಸ ಸುಣ್ಣ ಹೊಡೆಸಿದ್ದ.

ಯೋಗ್ಯತೆ ವಿಚಾರಿಸುವುದು ಯಾರ ಹತ್ತಿರ? "ಗೆದ್ದೋನು ಒಗಳ್ದೇ ಇರ್ತಾನಾ? ಸೋತೋನ ಕೇಳಿ. ಇನ್ನೊಂದ್ ಸಲ ಇವ್ರತ್ರಕೇ ಓಯ್ತೀಯಾ ಅಂತ ಕೇಳಿ," ಎಂದರು ಗುಮಾಸ್ತರು. ನಂಟಸ್ತನ ಇರುವವರು ಆ ಹೆಸರಿನ ಗೊಡವೆಗೆ ಹೋಗಬಾರದು ಎಂದೂ ಸೇರಿಸಿದರು. ಒಳ್ಳೆಯ ನಿಯಮ. ನಾನು ಒಪ್ಪಿದೆ.

ಉಳಿದಿಬ್ಬರ ಬಗ್ಗೆ ಕೇಳಿ ಬರಲು ನಮ್ಮಲ್ಲೇ ಜನ ಸಿಕ್ಕರು. ತಮ್ಮನ ಹೆಸರು ಬಂದಾಗ ಡೈರಿಯವರು ಕೆಮ್ಮಿದರು.

"ಆ ಮನೇದು ಏನವ್ವ ಕೇಳದು? ಕೇಳುದ್ರೆ ನಾಳೆ ನಿಮ್ ತಮ್ಮಯ್ಯನ್ ಮುಂದೆ ನಾನು ಮೊಕ ಎತ್ಕಂಡ್ ಓಡಾಡಾದ್ ಬ್ಯಾಡ್ವಾ?"

"ದೊಡ್ಮನೆ. ಬುಡಿ ಅತ್ಲಾಗೆ," ಎಂದರು ಗೌಡರು. ಕೆಳಗಿನ ಕೇರಿಯವರು ನೆಲ ನೋಡಿದರು. ಗುಮಾಸ್ತರು ತಮ್ಮನಿಗೆ ಷಡ್ಡಕ, ಅವರೂ ಹೋಗುವಂತಿರಲಿಲ್ಲ. ನಿಯಮದಂತೆ ನಾನು ಸುಮ್ಮನಿದ್ದರೆ ತಮ್ಮನ ಹೆಸರು ವಿಚಾರಣೆಯೇ ಇಲ್ಲದೆ ಪಾಸಾಗುತ್ತಿತ್ತು. ನನಗೆ ಕೂರಲಾಗಲಿಲ್ಲ. ಎದ್ದು ಕೊಡೆ ತೆಗೆದುಕೊಂಡೆ. "ನಾನೋಯ್ತೀನಿ. ತೀರ್ಮಾನ ಮಾಡುವಾಗ ನಾನಿರಕಿಲ್ಲ."

ಸೂರ್ಯಕಾಂತಿ ಹೊಲದ ಆಚೆ ಒಂಟಿ ಹೆಂಗಸೊಬ್ಬಳ ಮನೆ. ಪಕ್ಕದ ಹೊಲದವರ ಜೊತೆಗಿನ ಗಡಿಯ ಬೇವಿನ ಮರದ ವ್ಯಾಜ್ಯದಲ್ಲಿ ತಮ್ಮನ ಮಾತಿನಿಂದ ಸೋತವಳು. ನಾನು ಬಂದ ಕಾರಣ ಹೇಳಿದೆ. ಅವಳು ಬಿತ್ತನೆಯ ಕಡಲೆಕಾಯಿ ಸುಲಿಯುತ್ತಲೇ ಇದ್ದಳು.

"ನ್ಯಾಯ ತಪ್ಪಿಲ್ಲ ಕಣವ್ವ. ಮರ ಇರದು ಅವ್ರ ಜಾಗ್ದಲ್ಲೇ ಅಂತ ನಂಗೂ ಗೊತ್ತು."

"ಮತ್ತೆ?"

"ನಮ್ಮಾವ ನೆಟ್ಟಿದ್ದು, ಒಸಿ ಸೊಪ್ಪು ಕೊಯ್ಕಳಕಾದ್ರೂ ಬುಡ್ಸಿ ಅನ್ನನ ಅಂತ ಓಗಿದ್ದೆ. ನಾನು ಬಾಯ್ ತೆಗೆಯೋದ್ರೊಳಗೇ ನಿಮ್ ತಮ್ಮಯ್ಯ ಚಪ್ಲಿ ಮೆಟ್ಕಂಡ್ ಎದ್ಬುಟ್ರು."

"ಇನ್ನೊಂದ್ ಸಲ ಏನಾರ ಆದ್ರೆ ಅವನತ್ರ ಓಯ್ತೀಯಾ?"

"ಇಲ್ಲ ಕಣವ್ವ." ಸಿಪ್ಪೆ ಝಾಡಿಸಿದಳು. "ಕಾಪಿ ಕುಡ್ಕಂಡೋಗಿ."

ಇನ್ನೂ ಎರಡು ಮನೆಗೆ ಹೋದೆ. ಮಾತು ಬೇರೆ, ಉತ್ತರ ಅದೇ. ಮಧ್ಯಾಹ್ನ ಮನೆಗೆ ಬಂದು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಸಂಜೆ ಐದಕ್ಕೆ ಮತ್ತೆ ಜಗಲಿ. ಉಳಿದಿಬ್ಬರಲ್ಲಿ ಒಬ್ಬರು ಹೇಳಿದ ನ್ಯಾಯದಿಂದ ಸೋತಿದ್ದ ಬಾಳೆಕಾಯಿ ವ್ಯಾಪಾರಿಯ ಮಾತನ್ನು ಡೈರಿಯವರು ಹಾಗೇ ಒಪ್ಪಿಸಿದರು: "ಸೋಲ್ಸ್‌ಬುಟ್ಟ ಬಡ್ಡೀಮಗ. ಆದ್ರೂ ಅವನತ್ರಕೇ ಓಯ್ತೀನಿ. ನಾನ್ ಬಯ್ಯೋದ್ನೂ ಪೂರ್ತಿ ಕೇಳುಸ್ಕಂಡ ಕಣ್ಲಾ." ಎಲ್ಲರೂ ನಕ್ಕರು. ನಾನು ಕೇಳಿ ಬಂದದ್ದನ್ನು ಹೆಸರು ಹೇಳದೆ ಒಪ್ಪಿಸಿ ಜಗಲಿ ಇಳಿದೆ. ಗುಮಾಸ್ತರೂ ಇಳಿದು ತಮ್ಮ ಮನೆ ಕಡೆ ನಡೆದರು. ಅರಳಿಮರಕ್ಕೂ ಬಾವಿಗೂ ನಡುವೆ ಓಡಾಡಿದೆ. ನಿಂತರೆ ಜಗಲಿಯ ಮಾತು ಕೇಳಿಸುತ್ತಿತ್ತು.

ಗೌಡರೇ ಇಳಿದು ಬಂದರು. "ನಿಮ್ ತಮ್ಮನ್ ಎಸ್ರು ಬುಟ್ಟೋಯ್ತು ಕಣವ್ವ. ನಾಳೆ ಬೆಳಿಗ್ಗೆ ಊರಿಗೆ ಸಾರ್ತೀವಿ. ಮೊದ್ಲು ನೀನೇ ಏಳ್ಬುಡು."

ತಮ್ಮನ ಮನೆಗೆ ಹೋದೆ. ಅವನು ಟಿವಿ ಆರಿಸಿದ. ನಾನು ನಿಂತೇ ಹೇಳಿದೆ.

"ಯಾರಕ್ಕ ಅಂದೋರು?"

"ಏಳಕಿಲ್ಲ."

"ನೀನೇ ಕೇಳಕೋದ್ಯಾ? ಊರಲ್ ಬೇರೆ ಯಾರೂ ಇರ್ನಿಲ್ವಾ?"

"ಎಲ್ಲಾ ಎದ್ರುಕಂಡ್ರು. ಅದ್ಕೇ ಓದೆ."

"ನಾನ್ ಏಳಿದ್ ನ್ಯಾಯ ಒಂದಾದ್ರೂ ತಪ್ಪದೇನು?"

"ಇಲ್ಲ. ಒಂದೂ ತಪ್ಪಿಲ್ಲ."

"ಮತ್ತಿನ್ನೇನಕ್ಕ?" ಎಂದ. ಆ ದನಿ ನನಗೆ ಹೊಸದು. ಕಾರಣ ಹೇಳಿದೆ. ಅವನ ಹೆಂಡತಿ ಒಲೆಯ ಮುಂದಿನಿಂದ, "ಉಂಡ್ಕಂಡೋಗಿ ಅತ್ಗೆ," ಎಂದಳು. ಅವನು ಕೂರು ಎನ್ನಲಿಲ್ಲ.

ಊಟಕ್ಕೆ ಮೊದಲು ಅವನಿಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್. ದಿನವೂ ನಾನೇ ಕೊಡುವುದು. ಫ್ರಿಜ್ಜಿನಿಂದ ಔಷಧಿ ತೆಗೆದು ಅಳತೆ ಮಾಡಿದೆ. ಅವನು ಕೈಚಾಚಿ ಸಿರಿಂಜು ಈಸಿಕೊಂಡ. "ಬುಡು, ನಾನೇ ಆಕ್ಕತೀನಿ." ಮೊದಲ ಸಲ ಸೂಜಿ ಓರೆಯಾಯಿತು. ಹಿಡಿಯಲು ಹೋಗದೆ ಕೈ ಕಟ್ಟಿ ನಿಂತೆ. ಎರಡನೇ ಸಲಕ್ಕೆ ಸರಿಯಾಗಿ ಚುಚ್ಚಿಕೊಂಡ. ಬಳಸಿದ ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ.