ಲೋಕಣ್ಣನ ನಡುಹಾಳೆ

ಮಧ್ಯಾಹ್ನ ಮೂರು ಗಂಟೆ ನಲವತ್ತೇಳು ನಿಮಿಷ ಹನ್ನೆರಡು ಸೆಕೆಂಡು. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ಹೊತ್ತು ನಾನು ತೆಗೆದ ಫೋಟೋದಲ್ಲೇ ದಾಖಲಾಗಿದೆ. ಮದುವೆ ಮನೆಗೆ ಕಾಲಿಡುವ ಮೊದಲು ನಮ್ಮ ಎರಡೂ ಕ್ಯಾಮೆರಾಗಳ ಗಡಿಯಾರವನ್ನು ಸೆಕೆಂಡಿನವರೆಗೆ ಹೊಂದಿಸುವುದು ಲೋಕಣ್ಣನ ನಿಯಮ. "ನಿಂದೊಂದು ಟೈಮು ನಂದೊಂದು ಟೈಮು ಆದ್ರೆ, ಆಲ್ಬಮ್ಮಲ್ಲಿ ತಾಳಿ ಕಟ್ಟಿದ್ಮೇಲೆ ಹುಡುಗಿಗೆ ಅರಿಶಿನ ಹಚ್ಚಿದಂಗೆ ಆಯ್ತದೆ ಕಣಮ್ಮ" ಎನ್ನುತ್ತಿದ್ದರು.

ಲೋಕಣ್ಣ ಕೊಡ್ಲಿಪೇಟೆ ಕಡೆಯವರು. ಸ್ಟುಡಿಯೋ ಇದ್ದದ್ದು ಕುಶಾಲನಗರದಲ್ಲಿ. ಕ್ಯಾಮೆರಾ ಕೈಯಲ್ಲಿ ಇಲ್ಲದಾಗಲೂ ಎಡಗಣ್ಣನ್ನು ಅರ್ಧ ಮುಚ್ಚಿಕೊಂಡೇ ಮಾತು ಕೇಳುತ್ತಿದ್ದರು. ಹೊಸಬರಿಗೆ ಈ ಮನುಷ್ಯ ತಮ್ಮನ್ನು ನಂಬುತ್ತಿಲ್ಲ ಎನಿಸುತ್ತಿತ್ತು. ಎಂ.ಕಾಂ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನಾನು ಆಲ್ಬಮ್ ಡಿಸೈನ್ ಮಾಡಲು ಸೇರಿದ ದಿನವೂ ಹಾಗೇ ನೋಡಿ, "ಎಂಕಾಮಮ್ಮ, ಇಲ್ಲಿ ಪಾಸು ಫೇಲು ಹೇಳೋದು ಹುಡುಗಿ ಅಜ್ಜಿ" ಎಂದಿದ್ದರು.

ಅದು ತಮಾಷೆಯಲ್ಲ. ಮೂರು ನಾಲ್ಕು ಸಾವಿರ ಫೋಟೋಗಳನ್ನು ಹೊತ್ತಿನ ಪ್ರಕಾರ ಜೋಡಿಸಿದ ಮೇಲೆ ಅವರು ಮೊದಲು ಮಾಡುತ್ತಿದ್ದ ಕೆಲಸ, ಮನೆಯ ಹಿರಿಯ ಹೆಂಗಸಿನ ಎದುರು ಕೂತು ಯಾರು ಯಾರಿಗೆ ಏನಾಗಬೇಕು ಎಂದು ಬರೆದುಕೊಳ್ಳುವುದು. ಆ ಪಟ್ಟಿಯ ಒಂದು ಮುಖ ತಪ್ಪಿದರೂ ಆಲ್ಬಮ್ ಪ್ರಿಂಟಿಗೆ ಹೋಗುತ್ತಿರಲಿಲ್ಲ. ಯಾರನ್ನೂ ಬೆಳ್ಳಗೆ ಮಾಡುತ್ತಿರಲಿಲ್ಲ. "ಅಪ್ಪ ಅಮ್ಮ ಕೊಟ್ಟ ಬಣ್ಣ ತೆಗೆಯೋಕೆ ನಾನ್ಯಾರು?" ಅವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ನಡುಹಾಳೆ. ಎರಡು ಪುಟಗಳ ಅಗಲಕ್ಕೆ ಹರಡುವ ಆ ಒಂದೇ ಫೋಟೋದಲ್ಲಿ ಇಡೀ ಕುಟುಂಬ ಸಾಲಾಗಿ ನಿಲ್ಲಬೇಕು. ಹಾಳೆ ಮಡಚುವ ಗೆರೆ ಯಾರ ಮುಖದ ಮೇಲೂ ಬೀಳಬಾರದು. ಅದಕ್ಕಾಗಿ ಸಾಲಿನ ನಡುವೆ ಒಂದು ಕೈ ಜಾಗ ಬಿಡಿಸುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಗಾಳಿಬೀಡಿನ ಹತ್ತಿರ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೆಳ್ಯಪ್ಪನವರ ಮಗಳ ಮದುವೆ. ಚಪ್ಪರಕ್ಕೆ ಸಾಲದೆಂದು ಅಂಗಳವನ್ನು ಹಿಗ್ಗಿಸಿ, ಅಂಚಿಗೆ ಕಲ್ಲಿನ ತಡೆಗೋಡೆ ಕಟ್ಟಿಸಿ, ಮಣ್ಣು ತುಂಬಿಸಿ ಎರಡು ವಾರವಾಗಿತ್ತಷ್ಟೆ. ಗೋಡೆಯ ಆಚೆ ಒಂದೂವರೆ ಆಳು ಕೆಳಗೆ ರಸ್ತೆ. ಮದುವೆಯ ಹಿಂದಿನ ದಿನ ಲೋಕಣ್ಣ ನಲವತ್ತು ಜನರನ್ನು ಆ ಹೊಸ ಮಣ್ಣಿನ ಮೇಲೆ ಸಾಲಾಗಿ ನಿಲ್ಲಿಸಿದರು.

"ನಡುವೆ ಒಂದು ಕೈ ಜಾಗ ಬಿಡಿ."

"ಮದುವೆಗೆ ಮೊದ್ಲೇ ಮನೆ ಪಾಲು ಮಾಡ್ತಾ ಇದ್ದೀರಲ್ಲ ಲೋಕಣ್ಣ!" ಎಂದರು ಹುಡುಗಿಯ ಸೋದರಮಾವ.

"ಪಾಲು ಮಾಡ್ಕೊಳ್ಳೋರು ನೀವು, ಅಂಟಿಸೋನು ನಾನು. ಎಲ್ರೂ ಸ್ವಲ್ಪ ಹಿಂದೆ ಹೋಗಿ."

ಎಲ್ಲರೂ ನಕ್ಕರು. ಹುಡುಗಿಯ ನಗುವಿಗಾಗಿ ನಾನು ಪಕ್ಕದಿಂದ, ಕೆಳಗಿನ ಮೆಟ್ಟಿಲ ಮೇಲೆ ನಿಂತು ಕ್ಯಾಮೆರಾ ಹಿಡಿದಿದ್ದೆ. ಚೌಕಟ್ಟಿನ ಮೂಲೆಯಲ್ಲಿ ಗೋಡೆಯ ಎರಡು ಕಲ್ಲು ಹೊರಗೆ ಜಾರಿ, ಮಣ್ಣು ಉದುರಿತು. ನಾನದನ್ನು ನೋಡಿದೆ. ಯಾರದೋ ಕಾಲು ತಾಗಿರಬೇಕು ಎಂದುಕೊಂಡು, ನಗು ತಪ್ಪಿಹೋದೀತೆಂದು ಬಟನ್ ಒತ್ತಿದೆ: ಮೂರು ನಲವತ್ತೇಳು, ಹನ್ನೆರಡನೆಯ ಸೆಕೆಂಡು. ಅದಾಗಿ ಇಪ್ಪತ್ತೆಂಟು ಸೆಕೆಂಡಿಗೆ ಲೋಕಣ್ಣ "ಇನ್ನೊಂದೇ ಹೆಜ್ಜೆ" ಎಂದರು. ಒಂದು ಸಲ ಕೂಗಲು ಅಷ್ಟು ಹೊತ್ತು ಧಾರಾಳವಾಗಿ ಸಾಕಿತ್ತು.

ಸದ್ದು ದೊಡ್ಡದಾಗಿರಲಿಲ್ಲ. ಲಾರಿಯಿಂದ ಮೂಟೆ ಇಳಿಸಿದ ಹಾಗೆ. ಸಾಲಿನ ಬಲತುದಿಯಲ್ಲಿದ್ದ ಒಂಬತ್ತು ಜನ ಕಾಣಲಿಲ್ಲ, ಅಷ್ಟೆ. ಲೋಕಣ್ಣ ಕ್ಯಾಮೆರಾ ಎಸೆದು ಜಾರಿಕೊಂಡೇ ಕೆಳಗಿಳಿದರು. ಬರಿಗೈಯಲ್ಲಿ ಕಲ್ಲು ಸರಿಸಿದರು. ಯಾರ ಜೀವವೂ ಹೋಗಲಿಲ್ಲ. ಬೆಳ್ಯಪ್ಪನವರ ತಾಯಿಯ ಸೊಂಟದ ಮೂಳೆ ಮುರಿಯಿತು, ಸೋದರಮಾವನ ಕಾಲು ಮುರಿಯಿತು. ಮರುದಿನದ ಮುಹೂರ್ತ ತಪ್ಪಲಿಲ್ಲ. ಅಜ್ಜಿ ಆಸ್ಪತ್ರೆಯಲ್ಲಿದ್ದರು. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ಲೋಕಣ್ಣ ಫೋಟೋ ತೆಗೆದರು. ಯಾರನ್ನೂ ಹಿಂದೆ ಹೋಗಿ ಎನ್ನಲಿಲ್ಲ.

ಅಂದಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಹತ್ತಿದೊಡನೆ ಮೂಟೆ ಬೀಳುತ್ತಿತ್ತು.

ತಪ್ಪು ಗೋಡೆ ಕಟ್ಟಿದ ಮುರುಗೇಶ್ ಮೇಸ್ತ್ರಿಯ ಮೇಲೆ ಬಂತು. ಸಿಮೆಂಟು ನುಂಗಿದ್ದಾನೆ, ಪೊಲೀಸಿಗೆ ಕೊಡುತ್ತೇನೆ ಎಂದು ಬೆಳ್ಯಪ್ಪ ಹೇಳುತ್ತಿದ್ದರು. ಎಸ್ಟೇಟಿನವರು ಅವನನ್ನು ಕೆಲಸಕ್ಕೆ ಬರಬೇಡ ಎಂದುಬಿಟ್ಟಿದ್ದರು.

ನಾಲ್ಕನೆಯ ಬೆಳಿಗ್ಗೆ ಸ್ಟುಡಿಯೋದಲ್ಲಿ ಎರಡೂ ಕ್ಯಾಮೆರಾದ ಫೋಟೋಗಳನ್ನು ಜೋಡಿಸಿದಾಗ ನನ್ನದು ಅವರ ಕೊನೆಯ ಫೋಟೋಗಿಂತ ಮೊದಲು ಬಂದು ಕೂತಿತು. ನಗುವ ಹುಡುಗಿ, ಜಾರುತ್ತಿರುವ ಕಲ್ಲು. ಲೋಕಣ್ಣ ಕಲ್ಲಿದ್ದ ಮೂಲೆಯನ್ನು ದೊಡ್ಡದು ಮಾಡಿ ನೋಡಿದರು.

"ಅಳಿಸಿಬಿಡ್ಲಾ ಅಣ್ಣ?"

"ಅಳಿಸಿದ್ರೆ ಮೇಸ್ತ್ರಿ ಕಳ್ಳ ಆಗೇ ಉಳೀತಾನಲ್ಲಮ್ಮ."

"ನಾನು ನೋಡಿದ್ದೆ. ನೋಡಿಯೂ ಸುಮ್ನಿದ್ದೆ."

"ಅವ್ರನ್ನ ಅಲ್ಲಿ ನಿಲ್ಸಿದ್ದು ನೀನಲ್ಲ, ನಾನು. ಪ್ರಿಂಟ್ ಹಾಕು."

ಗಾಳಿಬೀಡಿಗೆ ಇಬ್ಬರೂ ಹೋದೆವು. ಲೋಕಣ್ಣ ಫೋಟೋವನ್ನು ಮೇಜಿನ ಮೇಲಿಟ್ಟು ನಿಂತೇ ಮಾತಾಡಿದರು. "ಮೇಸ್ತ್ರಿ ಕಟ್ಟಿದ್ದು ಮಣ್ಣು ತಡೆಯೋಕೆ ಸ್ವಾಮಿ. ಅದರ ಅಂಚಿಗೆ ನಲವತ್ತು ಜನಾನ ತಳ್ಳಿದ್ದು ನಾನು. ಕಲ್ಲು ಜಾರೋದು ನಮ್ಮ ಕ್ಯಾಮೆರಾಕ್ಕೆ ಮೊದಲೇ ಕಂಡಿತ್ತು."

ನಮ್ಮ ಕ್ಯಾಮೆರಾ ಎಂದರು. ಯಾರ ಕೈಯಲ್ಲಿತ್ತು ಎನ್ನಲಿಲ್ಲ. ಅವರ ಬೆನ್ನ ಹಿಂದೆ ನಾನೂ ಬಾಯಿ ಬಿಡಲಿಲ್ಲ.

"ನನ್ನ ಅವ್ವ ಇನ್ನು ನಡೀತಾಳೋ ಇಲ್ವೋ ಗೊತ್ತಿಲ್ಲ. ನೀವು ಫೋಟೋ ತೋರಿಸ್ತಾ ಇದ್ದೀರಿ. ಎದ್ದು ಹೋಗಿ" ಎಂದರು ಬೆಳ್ಯಪ್ಪ. ನಿಂತಿದ್ದವರಿಗೆ ಎದ್ದು ಹೋಗಿ ಎಂದದ್ದು ಅವರಿಗೂ ತಿಳಿಯಲಿಲ್ಲ. ಆದರೆ ದೂರು ಕೊಡಲಿಲ್ಲ. ಮುಂದಿನ ವಾರ ಮೇಸ್ತ್ರಿ ಕೆಲಸಕ್ಕೆ ಮರಳಿದ.

ಲೋಕಣ್ಣನನ್ನು ಮಾತ್ರ ಆಮೇಲೆ ಮದುವೆಗಳಿಗೆ ಕರೆಯುವವರು ಕಡಿಮೆಯಾದರು. ಸಂತೆಯಲ್ಲಿ ಯಾರೋ "ಹಿಂದೆ ತಳ್ಳೋ ಫೋಟೋದವ್ರು" ಎಂದದ್ದನ್ನು ನಾನೇ ಕೇಳಿಸಿಕೊಂಡೆ. ಲೋಕಣ್ಣ ಟೊಮೆಟೊ ಆರಿಸುತ್ತಲೇ ಇದ್ದರು. ಯಾರೂ ಕೇಳದಿದ್ದರೂ ಆ ಆಲ್ಬಮ್ ಮುಗಿಸಿದರು. ನಡುಹಾಳೆಯಲ್ಲಿ ಸಾಲು ಇರಲಿಲ್ಲ. ಬೇರೆ ಬೇರೆ ಫೋಟೋಗಳಿಂದ ನಲವತ್ತು ಮುಖಗಳನ್ನು ಒಂದೊಂದಾಗಿ ತೆಗೆದು ಎರಡೂ ಪುಟಕ್ಕೆ ಹರಡಿದ್ದರು. ಮಳೆಗಾಲ ಮುಗಿಯುವ ಮೊದಲೇ ಸ್ಟುಡಿಯೋ ನನಗೆ ಒಪ್ಪಿಸಿ ಊರಿಗೆ ಹೊರಟರು.

"ಆಲ್ಬಮ್ ನೀನೇ ಕೊಟ್ಟು ಬಾ. ನನ್ನ ಮುಖ ಕಂಡ್ರೆ ಅಜ್ಜಿಗೆ ಮತ್ತೆ ಸೊಂಟ ನೋಯ್ತದೆ" ಎಂದು ಬಸ್ಸು ಹತ್ತಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಆಲ್ಬಮ್ ಎರಡು ತಿಂಗಳು ನನ್ನ ಕಪಾಟಿನಲ್ಲೇ ಇತ್ತು. ಒಂದು ಭಾನುವಾರ ತೆಗೆದುಕೊಂಡು ಹೋದೆ. ಅಜ್ಜಿ ವಾಕರ್ ಹಿಡಿದು ಜಗಲಿಗೆ ಬಂದರು. ಆಲ್ಬಮ್ ಬಿಚ್ಚುವ ಮೊದಲೇ ಹೇಳಿದೆ: ಆ ಫೋಟೋ ತೆಗೆದದ್ದು ನಾನು, ಕಲ್ಲು ಜಾರಿದ್ದನ್ನು ನೋಡಿಯೂ ಕೂಗಲಿಲ್ಲ.

"ಗೊತ್ತುಟ್ಟು" ಎಂದರು ಅಜ್ಜಿ ತಮ್ಮ ಅರೆಭಾಷೆಯಲ್ಲಿ. ಆಮೇಲೆ ನನಗಾಗಿ ಕನ್ನಡಕ್ಕೆ ಬಂದರು. "ಆ ಮನುಷ್ಯ ನಮ್ಮೆದುರಿಗೆ ನಿಂತಿದ್ದ. ನೀವು ಇಲ್ಲಿ ಇಟ್ಟುಹೋದ ಫೋಟೋ ಪಕ್ಕದಿಂದ ತೆಗೆದದ್ದು. ಅಷ್ಟು ಗೊತ್ತಾಗಲ್ವ ನಂಗೆ? ನೀ ಯಾವಾಗ ಬರ್ತಿ ಅಂತ ನೋಡ್ತಾ ಇದ್ದೆ. ಕೂತ್ಕೊ, ಕಾಫಿ ತರಲಿ."

ಬಸ್ಸಿನಿಂದ ಲೋಕಣ್ಣನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟು ಮಲಗಿದೆ. ಕಣ್ಣು ಬಿಟ್ಟಾಗ ಸೋಮವಾರದ ಬಿಸಿಲು ಗೋಡೆಯ ಮೇಲಿತ್ತು.